ಗಾಳಿ ತಿರುಗುವ ಹನ್ನೆರಡು ದಿನ

"ನಾಲ್ಕೂ ದ್ವೀಪ ಒಂದೇ ಸಲಕ್ಕೆ ಬೇಕು ಅನ್ನೋ ಹುಚ್ಚು ಇನ್ನೂ ಯಾರಿಗೆ ಉಳಿದಿದೆ?"

ಅವಳು ಜೋರಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಆ ಪ್ರವಾಸ ಕಚೇರಿಯಲ್ಲಿ ಯಾರೂ ಇರಲಿಲ್ಲ. ಎರಡು ಮೇಜು, ನಾಲ್ಕು ಕುರ್ಚಿ, ತಿರುಗಿದಾಗಲೆಲ್ಲ ನರಳುವ ಒಂದು ಫ್ಯಾನು, ಗೋಡೆ ತುಂಬ ಹನ್ನೆರಡು ತಿಂಗಳ ಕೋಷ್ಟಕ. ಅಷ್ಟೇ.

ಕೈಯಲ್ಲಿದ್ದದ್ದು ಯಜಮಾನಿಯ ಅಕ್ಷರದ ಚೀಟಿ. ಊರೆಲ್ಲ ದೊಡ್ಡಕ್ಕ ಎಂದು ಕರೆಯುವ ಆಕೆ, ಬೆಳಿಗ್ಗೆ ಫೋನಿನಲ್ಲಿ ಬಂದ ಬೇಡಿಕೆಯನ್ನು ಬರೆದಿಟ್ಟು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು.

'ಇಬ್ಬರು. ಹೂವು, ಮರಳು, ಹಕ್ಕಿ, ದೀಪ. ಇದೇ ಕ್ರಮ. ಗಾಳಿ ತಿರುಗುವ ವಾರ.'

ಇದೇ ಕ್ರಮ...

ಆ ಎರಡು ಪದ ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿ ನಿಂತವು. ಯಾಕೆಂದರೆ ಈ ಕ್ರಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಬ್ಬರು ಸೇರಿ, ಒಂದು ಇಡೀ ವರ್ಷ ಇದೇ ಮೇಜಿನ ಮೇಲೆ ಬಗ್ಗಿ ಕಂಡುಹಿಡಿದದ್ದು ಅದು. ಅವರಲ್ಲಿ ಒಬ್ಬಳು ತಾನು. ಇನ್ನೊಬ್ಬ...

ಬಾಗಿಲು ಕಿರುಗುಟ್ಟಿತು.

"ನನಗೆ," ಎಂದಿತು ಒಂದು ಗಂಡು ದನಿ.

ಅವಳು ತಲೆ ಎತ್ತಬೇಕಾಗಿರಲಿಲ್ಲ. ಆ ದನಿಯನ್ನು ಅವಳು ಎರಡು ವರ್ಷ ಪ್ರತಿ ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ಕೇಳಿದ್ದಳು. ಆಮೇಲಿನ ಮೂರು ವರ್ಷ, ಎಂಟು ಗಂಟೆಯಾದಾಗಲೆಲ್ಲ ಕೇಳದೆ ಸತ್ತಿದ್ದಳು.

ಬಂದರಿನ ಗಾಳಿಕಟ್ಟಡದಲ್ಲಿ ಕೂತು ಗಾಳಿ ಓದುವುದು ಅವನ ಕೆಲಸ. ಎಷ್ಟು ವೇಗ, ಯಾವ ದಿಕ್ಕು, ಯಾವ ಬಾವುಟ ಏರಿಸಬೇಕು, ಯಾವ ದೋಣಿ ಹೊರಡಬಹುದು. ಪ್ರವಾಸ ಕಚೇರಿಗಳಿಗೆ ಬೆಳಗಿನ ವರದಿ ಕೊಡುವವನೂ ಅವನೇ. ವರದಿಗೆ ಎರಡು ನಿಮಿಷ ಸಾಕು. ಅವರ ಫೋನು ನಲವತ್ತು ನಿಮಿಷವಾದರೂ ಮುಗಿಯುತ್ತಿರಲಿಲ್ಲ.

ಅವಳು ಅವನಿಗೆ ಗಾಳಿರಾಯ ಎಂದು ಹೆಸರಿಟ್ಟಿದ್ದಳು. ಅಚ್ಚಾದ ವೇಳಾಪಟ್ಟಿಯೇ ವೇದವಾಕ್ಯ ಎನ್ನುವ ಅವಳನ್ನು ಅವನು ಕರೆಯುತ್ತಿದ್ದದ್ದು ಅಚ್ಚಮ್ಮ ಎಂದು.

"ನೀವು ಇನ್ನೂ ಇಲ್ಲೇ ಇದೀರಾ ಅಂತ ಗೊತ್ತಿರಲಿಲ್ಲ," ಎಂದ ಅವನು.

ನೀವು...

ಮೂರು ವರ್ಷದಲ್ಲಿ ಅಚ್ಚಮ್ಮ 'ನೀವು' ಆಗಿಬಿಟ್ಟಿದ್ದಳು. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಕಿವಿಯ ಹತ್ತಿರ ಅವನಿಗೆ ನಾಲ್ಕು ಬಿಳಿ ಕೂದಲು ಬಂದಿದ್ದವು. ಅಂಗಿಯ ತೋಳನ್ನು ಮೊದಲಿನಂತೆಯೇ ಒಂದು ಮಡಿಕೆ ಹೆಚ್ಚು ಮಡಿಸಿದ್ದ. 'ನೋಡಬೇಡ' ಎಂದು ತನಗೆ ತಾನೇ ಹೇಳಿಕೊಂಡಳು. 'ಚೀಟಿ ನೋಡು. ಕೆಲಸ ನೋಡು.'

ಬೇರೆ ಬಂದರಿಗೆ ವರ್ಗವಾಗಿತ್ತು, ಹೋದ ತಿಂಗಳು ಮತ್ತೆ ಇಲ್ಲಿಗೇ ಹಾಕಿದರು, ಎಂದು ಅವಳು ಕೇಳದಿದ್ದರೂ ಅವನು ಹೇಳಿದ. ಅವಳು ಕೋಷ್ಟಕ ನೋಡುತ್ತ, ಇಬ್ಬರಿಗಾ ಎಂದು ಕೇಳಿದಳು.

"ಇಬ್ಬರಿಗೆ. ಮದುವೆಯಾದ ಮೂರನೇ ದಿನ ಹೊರಡೋದು. ಹುಡುಗಿ ಮುಂದಿನ ವಾರ ಬಂದು ಫಾರಂ ತುಂಬ್ತಾಳೆ."

ಫ್ಯಾನು ಒಮ್ಮೆ ನರಳಿತು. ಅವಳು 'ಇಬ್ಬರು' ಎಂದು ಬರೆದಳು. ಅಕ್ಷರ ಸೊಟ್ಟಗಾಯಿತು. ಹೊಡೆದುಹಾಕಿ ಮತ್ತೆ ಬರೆದಳು.

ಅವನು ಹೊರಡಲು ಎದ್ದವನು ಬಾಗಿಲ ಹತ್ತಿರ ನಿಂತ.

"ಅಮ್ಮ ಹೇಗಿದ್ದಾರೆ?"

ಆ ಒಂದು ಪ್ರಶ್ನೆಗೆ ಅವಳು ಸಿದ್ಧಳಿರಲಿಲ್ಲ. ಅಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆದರೆ ತನ್ನ ಅಮ್ಮನ ಸಾವನ್ನು ಇವನ ಕೈಗೆ ಕೊಡುವುದೇ? ನಾಳೆ ಇನ್ನೊಬ್ಬಳ ಕೈ ಹಿಡಿಯುವವನಿಗೆ?

"ಚೆನ್ನಾಗಿದ್ದಾರೆ," ಎಂದಳು.

ಅವನ ಮುಖ ಒಂದು ಕ್ಷಣ ಬೆಳಗಿತು. "ಕೇಳಿದೆ ಅಂತ ಹೇಳಿ," ಎಂದು ಹೇಳಿ ಹೊರಟುಹೋದ.

*

ಈ ನಾಲ್ಕು ದ್ವೀಪಗಳ ಸ್ವಭಾವವೇ ಒಂದು ಬಗೆ. ಒಂದು ಬಾಗಿಲು ತೆಗೆದರೆ ಇನ್ನೊಂದು ಹಾಕಿಕೊಳ್ಳುತ್ತದೆ. ಹೂವಿನ ದ್ವೀಪ ಅರಳುವುದು ಮಳೆಯ ಬೆನ್ನಿಗೆ. ಮಳೆಗಾಲವಿಡೀ ನೀರಿನಡಿ ಮುಳುಗಿರುವ ಮರಳಿನ ದ್ವೀಪ ಬಿಸಿಲಿಗೆ ಮೈತೋರುತ್ತದೆ. ಹಕ್ಕಿಗಳು ಬರುವುದು ಚಳಿಯ ಜೊತೆ. ದೀಪಸ್ತಂಭವಿರುವ ಬಂಡೆಗೆ ದೋಣಿ ತಾಗುವುದು ಕಡಲು ತಣ್ಣಗಾದಾಗ ಮಾತ್ರ.

ಹಾಗಾಗಿ ಜನ ಒಂದೊಂದು ಋತುವಿಗೆ ಒಂದೊಂದು ದ್ವೀಪ ನೋಡುತ್ತಾರೆ. ನಾಲ್ಕನ್ನೂ ಒಟ್ಟಿಗೆ ನೋಡಬೇಕೆಂದರೆ ವರ್ಷದಲ್ಲಿ ಒಂದೇ ಸಂದು. ಮಳೆಗಾಳಿ ಹೋಗಿ ಚಳಿಗಾಳಿ ಬರುವ ಹನ್ನೆರಡು ದಿನ. ಆಗ ಹೂವು ಪೂರ್ತಿ ಉದುರಿರುವುದಿಲ್ಲ, ಮರಳು ಆಗಷ್ಟೇ ಎದ್ದಿರುತ್ತದೆ, ಮೊದಲ ಹಕ್ಕಿ ಇಳಿದಿರುತ್ತದೆ, ಕೊನೆಯ ಎರಡು ದಿನದ ಹೊತ್ತಿಗೆ ಬಂಡೆಯ ಸುತ್ತ ಕಡಲು ಕಣ್ಣು ಮುಚ್ಚಿಕೊಂಡಿರುತ್ತದೆ.

ಅವಳ ಕೋಷ್ಟಕ ಮತ್ತು ಅವನ ಗಾಳಿಪುಸ್ತಕ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸಿಕ್ಕಿದ ಸಂದು ಅದು.

ಎಂಟು ವರ್ಷದಿಂದ ಜನರಿಗೆ ದ್ವೀಪ ತೋರಿಸುತ್ತಿದ್ದ ಅವಳು ತಾನು ಒಂದಕ್ಕೂ ಕಾಲಿಟ್ಟವಳಲ್ಲ. ಕಾಯಿಲೆಯ ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ? ಜೊತೆಗೆ ನೀರೆಂದರೆ ಭಯ. "ಅಡುಗೆಯವಳಿಗೆ ಹಸಿವಿಲ್ಲ ಅನ್ನೋ ಹಾಗಾಯ್ತು ನಿನ್ನ ಕಥೆ," ಎಂದು ದೊಡ್ಡಕ್ಕ ಹಂಗಿಸುತ್ತಿದ್ದಳು. ಅದಕ್ಕೇ ಅವನು ಮದುವೆಯ ಮಾತೆತ್ತಿದಾಗ ಅವಳು ಕೇಳಿದ್ದು ಒಂದೇ. ಮೊದಲ ದ್ವೀಪದ ನೋಂದಣಿ ಕಚೇರಿಯಲ್ಲಿ ಸಹಿ ಹಾಕೋಣ. ಅಲ್ಲಿಂದ ಗಂಡ ಹೆಂಡತಿಯಾಗಿ ಉಳಿದ ಮೂರು.

ಅವನ ತಂದೆ ಒಪ್ಪುವ ಆಸಾಮಿಯಲ್ಲ. ಸಹಿಯಾದ ಮೇಲೆ ಹೇಳುತ್ತೇನೆ ಎಂದಿದ್ದ. ಅವನ ಮನೆಯಲ್ಲಿ ಯಾರಿಗೂ ಅವಳ ಸುಳಿವೇ ಇರಲಿಲ್ಲ. ಈ ಕಡೆ ಗೊತ್ತಿದ್ದದ್ದು ಅಮ್ಮನಿಗೆ, ಆ ಹನ್ನೆರಡು ದಿನ ಅಮ್ಮನ ಜೊತೆ ಇರಲು ಒಪ್ಪಿದ್ದ ದೊಡ್ಡಕ್ಕನಿಗೆ ಮಾತ್ರ.

ಅವಳ ಕೆಲಸಕ್ಕೊಂದು ಕಟ್ಟುನಿಟ್ಟು ಇತ್ತು. ಯಾರ ಪ್ರವಾಸವಾದರೂ ಸರಿ, ಮೊದಲು ಮರಳಿ ಬರುವ ದೋಣಿಯನ್ನು ಬರೆಯಬೇಕು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಮರಳುವುದು ಖಚಿತವಿಲ್ಲದೆ ಯಾರನ್ನೂ ನೀರಿಗೆ ಬಿಡಬಾರದು. ಆದರೆ ತಮ್ಮಿಬ್ಬರ ಹಾಳೆಯಲ್ಲಿ ಮಾತ್ರ ಅವಳು ಆ ಸಾಲನ್ನು ಖಾಲಿ ಬಿಟ್ಟಿದ್ದಳು. ವಾಪಸ್ ಬರೋದನ್ನ ಆಮೇಲೆ ನೋಡಿದರಾಯ್ತು ಎಂದು ಇಬ್ಬರೂ ನಕ್ಕಿದ್ದರು.

ಆ ಹಾಳೆ ಇವತ್ತಿಗೂ ಅವಳ ಮೇಜಿನ ಕೊನೆಯ ಡ್ರಾಯರಿನಲ್ಲಿತ್ತು.

*

ಜಗಳವಾದದ್ದು ಹೊರಡುವ ಹಿಂದಿನ ಸಂಜೆ. ಅದೂ ಎಂಥ ವಿಷಯಕ್ಕೆ...

ಯಾವ ಕಟ್ಟೆಯಲ್ಲಿ ದೋಣಿ ಹತ್ತಬೇಕು ಎನ್ನುವುದಕ್ಕೆ.

ಬಂದರಿಗೆ ಎರಡು ದೋಣಿಕಟ್ಟೆಗಳು. ನಡುವೆ ಕಡಲಿಗೆ ಚಾಚಿದ ಗುಡ್ಡ. ಇಲ್ಲಿ ನಿಂತವರಿಗೆ ಅಲ್ಲಿ ನಿಂತವರು ಕಾಣುವುದಿಲ್ಲ. ದಕ್ಷಿಣದ ಕಟ್ಟೆ ವೇಳಾಪಟ್ಟಿಯಲ್ಲಿ ಅಚ್ಚಾಗಿದೆ, ಬೆಳಿಗ್ಗೆ ಆರು ಗಂಟೆ ಎಂದು. ಉತ್ತರದ ಕಟ್ಟೆ ಯಾವ ಕಾಗದದಲ್ಲೂ ಇಲ್ಲ. ಆದರೆ ಗಾಳಿ ತಿರುಗುವ ದಿನಗಳಲ್ಲಿ ದೋಣಿ ದಕ್ಷಿಣದಿಂದ ಹೊರಟು, ಗುಡ್ಡ ಸುತ್ತಿ, ಮುಕ್ಕಾಲು ಗಂಟೆಯ ಮೇಲೆ ಉತ್ತರದ ಕಟ್ಟೆಗೂ ತಾಗುತ್ತದೆ. ಕಡಲು ಬಲ್ಲವರು ಅಲ್ಲಿ ಹತ್ತುತ್ತಾರೆ.

ದಕ್ಷಿಣದ ಮೆಟ್ಟಿಲ ಮೇಲೆ ಅಲೆ ಹೊಡೆಯುತ್ತದೆ, ನಿನಗೆ ಮೊದಲೇ ಭಯ, ಉತ್ತರಕ್ಕೆ ಬಾ ಎಂದು ಅವನು. ಅಚ್ಚಿನಲ್ಲಿ ಇಲ್ಲದ ಕಟ್ಟೆಯನ್ನು ನಂಬಿ ಮದುವೆಗೆ ಹೊರಡಲೇ ಎಂದು ಅವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಟ್ಟೆಯ ಮಾತು ಕಟ್ಟೆಯಲ್ಲಿ ನಿಲ್ಲದೆ ಬಾಳಿಗೇ ಹಬ್ಬಿತು.

"ನಿನಗೆ ಕಾಗದದ ಮೇಲಿರೋ ನಂಬಿಕೆ ನನ್ನ ಮೇಲಿಲ್ಲ," ಎಂದಿದ್ದ ಅವನು.

"ಗಾಳಿಯನ್ನ ನಂಬಿದವನು ಗಾಳಿ ಥರಾನೇ ಒಂದು ದಿನ ತಿರುಗಿಬಿಡ್ತಾನೆ," ಎಂದಿದ್ದಳು ಅವಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊನೆಗೆ ಅವನು ಮೆಲ್ಲಗೆ ಹೇಳಿದ್ದ.

"ನಾಳೆ ಫೋನ್ ಮಾಡಲ್ಲ. ನೀನೂ ಮಾಡಬೇಡ. ಮನಸ್ಸಿದ್ರೆ ಬಾ. ಬರಲಿಲ್ಲ ಅಂದ್ರೆ ಯಾಕೆ ಅಂತ ಯಾವತ್ತೂ ಕೇಳಲ್ಲ."

ಮರುದಿನ ನಸುಕಿನಲ್ಲಿ ಅಮ್ಮ ಅವಳ ಜಡೆ ಹೆಣೆಯುತ್ತಿದ್ದಳು. ಅಮ್ಮ ಓದಿದವಳಲ್ಲ. ಕೇಳಿ ಕಲಿತ ಪದ್ಯಗಳೇ ಅವಳ ಓದು, ಅವಳ ಪ್ರಾರ್ಥನೆ. ನಡುಗುವ ಬೆರಳಿನಲ್ಲಿ ಒಂದೊಂದು ಎಳೆ ಹಿಡಿದು ಅಂದಳು.

"ಕಾಣದ ಗಾಳಿಯ ನಂಬಿತು ಹಾಯಿ... ಕಂಡ ಕೈಯ ನೀನು ನಂಬೆಯೇಕೆ, ತಾಯಿ?"

ಜಡೆಗೆ ಗಂಟು ಹಾಕಿ, ಬೆನ್ನು ತಟ್ಟಿದಳು. "ಒಂದು ಸಲ ಅವನ ಮಾತು ಕೇಳಿ ನೋಡು, ಮಗಳೇ."

ಅವಳು ಕೇಳಿದಳು. ಅಚ್ಚಿನ ಕಟ್ಟೆ ಬಿಟ್ಟು ಉತ್ತರದ ಕಟ್ಟೆಗೆ ಹೋದಳು.

ಗುಡ್ಡದ ಬುಡದಲ್ಲಿ ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ಆರೂ ಮುಕ್ಕಾಲಿಗೆ ದೋಣಿ ಗುಡ್ಡ ಸುತ್ತಿ ಬಂತು. ಅವಳು ಒಂದೊಂದೇ ಮುಖ ನೋಡಿದಳು. ಮುಂದಿನ ಸಾಲಿನಲ್ಲಿ, ಕಿಟಕಿಯ ಬದಿಗೆ, ಅವರಿಬ್ಬರ ಹೆಸರಿನ ಎರಡು ಸೀಟುಗಳು ಖಾಲಿ. ಅಕ್ಕಪಕ್ಕ ಖಾಲಿ...

ಕಟ್ಟೆಯ ಮೇಲೂ ಅವನಿಲ್ಲ, ದೋಣಿಯಲ್ಲೂ ಇಲ್ಲ. ಇನ್ನೆಲ್ಲಿರುತ್ತಾನೆ?

ದೋಣಿಯವನು ಕೈ ಚಾಚಿ, ಬರ್ತೀರಾ ಅಮ್ಮಾ ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಆ ಕಡೆಯ ಕಟ್ಟೆಯಲ್ಲಿ ಯಾರಾದರೂ ನಿಂತಿದ್ದರೇ ಎಂದು ಕೇಳುವುದು ಅವಳಿಗೆ ಹೊಳೆಯಲೇ ಇಲ್ಲ. ಉತ್ತರದ ಕಟ್ಟೆಗೆ ಬಾ ಎಂದು ಹಟ ಹಿಡಿದವನೇ ಅವನಲ್ಲವೇ?

ಸಂಜೆ ಒಂದು ಮೆಸೇಜು ಬಂತು. 'ಇನ್ನು ನಿನ್ನನ್ನ ಕಾಡಲ್ಲ. ಸುಖವಾಗಿರು.'

ಅವಳು ಆ ನಂಬರನ್ನು ಅಳಿಸಿಹಾಕಿದಳು. ಅಮ್ಮ ಮಾತ್ರ ಒಪ್ಪಲಿಲ್ಲ. ಹಾಸಿಗೆ ಹಿಡಿದ ಮೇಲೂ, ಮಾತು ತೊದಲುವಾಗಲೂ, ಬಾಗಿಲ ಕಡೆ ನೋಡಿ ಕೇಳುತ್ತಿದ್ದಳು, ಆ ಹುಡುಗ ಬಂದನೇ ಎಂದು. ಅವನು ಅಂಥವನಲ್ಲ ಕಣೇ, ಎಲ್ಲೋ ಏನೋ ಆಗಿದೆ ಎಂದು. ಅಮ್ಮನ ಕೊನೆಯ ವಾರದಲ್ಲಿ ಅವಳು ರೇಗಿಬಿಟ್ಟಿದ್ದಳು, ಇನ್ನೊಮ್ಮೆ ಅವನ ಹೆಸರೆತ್ತಬೇಡ ಎಂದು.

ಅಮ್ಮ ಮತ್ತೆ ಎತ್ತಲಿಲ್ಲ. ಅದೊಂದು ನೆನಪು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಉಳಿದಿತ್ತು.

*

ದೊಡ್ಡಕ್ಕ ಹಲ್ಲು ಕೀಳಿಸಿಕೊಂಡು ಊದಿದ ಕೆನ್ನೆಯಲ್ಲಿ ಬಂದಳು. ಫೋನು ಮಾಡಿದವನು ಯಾರೆಂದು ತಿಳಿದಾಗ ಆ ಕೆನ್ನೆ ಇನ್ನಷ್ಟು ಊದಿತು.

"ಹೆಸರು ಹೇಳ್ದೆ ಇಟ್ಟುಬಿಟ್ಟ ಕಳ್ಳ. ಬಿಡು, ಈ ಕೆಲಸ ನಾನೇ ಮಾಡ್ತೀನಿ. ಹಲ್ಲು ಕಿತ್ತಿದ್ದು ನಂದು, ನೋವು ತಿಂತಿರೋದು ನೀನು. ಇದ್ಯಾವ ನ್ಯಾಯ?"

ಅವಳು ಬಿಡಲಿಲ್ಲ. ಬೇರೆಯವರು ಮಾಡಿದರೆ ತಪ್ಪಾಗುತ್ತದೆ ಎಂದಳು. ನಿಜವೂ ಹೌದು, ಆ ಹನ್ನೆರಡು ದಿನಗಳ ಲೆಕ್ಕ ಅವಳಿಗಲ್ಲದೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಒಳಗಿನ ನಿಜ ಬೇರೆ. 'ನಾನು ಕಂಡ ಕನಸು. ಇನ್ನೊಬ್ಬಳ ಪಾಲಿಗಾದರೂ ಸೊಟ್ಟಗಾಗದಿರಲಿ.'

ಮೊದಲು ಮರಳುವ ದೋಣಿಯನ್ನು ಬರೆದಳು. ಈ ಸಲ ಖಾಲಿ ಬಿಡಲಿಲ್ಲ.

ಅಲ್ಲಿಂದ ಹಿಂದಕ್ಕೆ ಬಂದಳು. ದೀಪದ ಬಂಡೆಯಲ್ಲಿ ಎರಡು ದಿನ. ಹಕ್ಕಿಯ ದ್ವೀಪದಲ್ಲಿ ನಾಲ್ಕು, ಯಾಕೆಂದರೆ ಮೊದಲ ಹಕ್ಕಿಗಳು ಮನುಷ್ಯರಿಗೆ ಹೊಂದಿಕೊಳ್ಳಲು ಎರಡು ದಿನ ಬೇಕು. ಮರಳಿನಲ್ಲಿ ಮೂರು. ಹೂವಿನಲ್ಲಿ ಮೂರು. ಕೋಣೆಗಳಿಗೆ ಫೋನು ಮಾಡಿ, ಕಿಟಕಿ ಪೂರ್ವಕ್ಕಿರಲಿ ಎಂದಳು. ಹೇಳಿದ ಮೇಲೆ ನೆನಪಾಯಿತು, ಪೂರ್ವದ ಕಿಟಕಿ ಕೇಳಿದ್ದು ಮೂರು ವರ್ಷದ ಹಿಂದೆ ತಾನು. ಈ ಹುಡುಗಿಗೆ ಏನಿಷ್ಟವೋ ಯಾರಿಗೆ ಗೊತ್ತು?

ಹತ್ತುವ ಜಾಗ ಎನ್ನುವ ಸಾಲಿಗೆ ಬಂದಾಗ ಕೈ ನಿಂತಿತು.

'ಉತ್ತರದ ಕಟ್ಟೆ' ಎಂದು ಬರೆದಳು. ಹೊಸ ಮದುವಣಗಿತ್ತಿ ಅಲೆಗೆ ನೆನೆಯುವುದು ಬೇಡ.

ಬರೆದು ಮುಗಿಸಿ ಒಳಗಿನ ಸಣ್ಣ ಕೋಣೆಗೆ ಹೋದಳು. ನಲ್ಲಿ ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅತ್ತರೆ ದೊಡ್ಡಕ್ಕನಿಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಳು. ದೊಡ್ಡಕ್ಕ ಈಚೆಯಿಂದ ಫ್ಯಾನನ್ನೂ ಜೋರು ಮಾಡಿದಳು, ಅದೂ ನರಳಲಿ ಎಂದು.

*

ಮುಂದಿನ ವಾರ ಹುಡುಗಿ ಬಂದಳು.

ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸು. ಗಲ್ಲದಲ್ಲಿ ಕುಳಿ. ಕೂತ ಕೂಡಲೇ ಚಪ್ಪಲಿ ಬಿಟ್ಟು ಕಾಲು ಮಡಿಸಿಕೊಂಡಳು, ತವರುಮನೆಗೆ ಬಂದ ಹಾಗೆ. ಹಾಳೆಗಳನ್ನು ತಿರುವುತ್ತ ಕಣ್ಣರಳಿಸಿದಳು. ದ್ವೇಷಿಸಬೇಕೆಂದು ಕೂತಿದ್ದವಳಿಗೆ ದ್ವೇಷಿಸಲು ಒಂದು ಎಳೆಯೂ ಸಿಗಲಿಲ್ಲ.

'ಒಳ್ಳೆಯವಳನ್ನೇ ಹುಡುಕಿಕೊಂಡಿದ್ದಾನೆ...'

ಹುಡುಗಿ ಫಾರಂ ಎಳೆದುಕೊಂಡು ತುಂಬತೊಡಗಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ತನ್ನ ಗಂಡನಾಗುವವನು ಶಾಲೆಯಲ್ಲಿ ಗಣಿತದ ಮೇಷ್ಟರು, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಪೈಕಿ, ನಿಂಬೆಹಣ್ಣಿನ ಒಂದು ಮೂಟೆ ಹೊರಬೇಕಾಗಬಹುದು ಎಂದಳು.

ಅವಳಿಗೆ ಅರ್ಥವಾಗಲಿಲ್ಲ. ಗಣಿತದ ಮೇಷ್ಟರು?

"ಮತ್ತೆ... ಅವರು?" ಎಂದಳು. "ಗಾಳಿಕಟ್ಟಡದವರು?"

"ಅವನಾ? ಅವನು ನಮ್ಮಣ್ಣ. ಇದು ಅವನು ನನಗೆ ಕೊಡ್ತಿರೋ ಉಡುಗೊರೆ. ಅಪ್ಪ ಹೋದಮೇಲೆ ಮನೆಗೆ ಅವನೇ ಯಜಮಾನ. ನೀನು ಮೊದಲು ಮದುವೆಯಾಗು ಮಾರಾಯಾ ಅಂದ್ರೆ ಗೋಡೆ ನೋಡ್ತಾನೆ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ತಂಗಿ... ಇವಳು ತಂಗಿ. ಆದರೇನು? ಅಂದು ಬಾರದವನು ಬಾರದವನೇ ಅಲ್ಲವೇ?

ಹುಡುಗಿಯ ಬೆರಳು 'ಉತ್ತರದ ಕಟ್ಟೆ' ಎನ್ನುವ ಸಾಲಿನ ಮೇಲೆ ನಿಂತಿತು.

"ಇದು ಸರಿಯಾಗಿದೆ. ಎಲ್ಲಿ ಬೇಕಾದ್ರೂ ಹತ್ತು, ದಕ್ಷಿಣದ ಕಟ್ಟೆ ಮಾತ್ರ ಬೇಡ ಅಂತ ಅಣ್ಣ ಆಣೆ ಹಾಕಿಸಿದ್ದಾನೆ."

"ಅಲೆ ಹೊಡೆಯುತ್ತೆ, ಅದಕ್ಕೆ," ಎಂದಳು ಅವಳು.

"ಅಲೆಗಲ್ಲ ಅಕ್ಕಾ." ಹುಡುಗಿ ದನಿ ತಗ್ಗಿಸಿದಳು. "ಮೂರು ವರ್ಷದ ಹಿಂದೆ, ಇದೇ ದಿನಗಳಲ್ಲಿ, ಅವನು ಬೆಳಗಿಂದ ಸಂಜೆವರೆಗೂ ಆ ಕಟ್ಟೆ ಮೇಲೆ ನಿಂತಿದ್ದನಂತೆ. ತಲೆಯಿಂದ ಕಾಲವರೆಗೂ ಒದ್ದೆಯಾಗಿ ಮನೆಗೆ ಬಂದ. ಹದಿನೈದು ದಿನ ಜ್ವರ. ಯಾರಿಗೋಸ್ಕರ ನಿಂತಿದ್ದೆ ಅಂದ್ರೆ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಜ್ವರದಲ್ಲಿ ಮಾತ್ರ, ಅಚ್ಚಮ್ಮ ಅಚ್ಚಮ್ಮ ಅಂತಿದ್ದ. ಯಾವುದೋ ಅಜ್ಜಿ ಇರಬೇಕು ಅಂದ್ಕೊಂಡ್ವಿ."

ಪೆನ್ನು ಕೈಯಿಂದ ಜಾರಿ, ಉರುಳಿ, ನೆಲಕ್ಕೆ ಬಿತ್ತು.

ದಕ್ಷಿಣದ ಕಟ್ಟೆ.

ಉತ್ತರ ಉತ್ತರ ಎಂದು ಹಟ ಮಾಡಿದವನು ದಕ್ಷಿಣದ ಕಟ್ಟೆಗೆ ಯಾಕೆ ಹೋದ?

ಪಕ್ಕದ ಮೇಜಿನಿಂದ ದೊಡ್ಡಕ್ಕ ಎದ್ದು ಬಂದಳು. ಪೆನ್ನು ಎತ್ತಿಕೊಂಡು, ಹುಡುಗಿಯ ಎದುರಿನ ಕುರ್ಚಿಯಲ್ಲಿ ತಾನೇ ಕೂತಳು.

"ಉಳಿದದ್ದು ನಾನು ತುಂಬಿಸ್ಕೋತೀನಿ. ನೀನು ಹೋಗು," ಎಂದಳು. "ಓಡು ಅಂತಾನೇ ಇಟ್ಕೋ."

*

ಗಾಳಿಕಟ್ಟಡಕ್ಕೆ ಅರವತ್ತೆರಡು ಮೆಟ್ಟಿಲು. ಹತ್ತಿದ್ದು ಅವಳಿಗೆ ನೆನಪಿಲ್ಲ.

ತಾರಸಿಯ ಮೇಲೆ ಅವನು ಬಾವುಟಗಳನ್ನು ಮಡಿಸುತ್ತಿದ್ದ. ನಾಲ್ಕೂವರೆಯ ಬಿಸಿಲು. ಕಂಬದ ತುದಿಯಲ್ಲಿ ವೇಗ ಅಳೆಯುವ ಗಾಳಿಬಟ್ಟಲುಗಳು ಗಿರಗಿರನೆ ತಿರುಗುತ್ತಿದ್ದವು. ಮೆಟ್ಟಿಲ ಬಾಯಲ್ಲಿ ಅವಳನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

"ಯಾವ ಕಟ್ಟೆಯಲ್ಲಿ ನಿಂತಿದ್ದೆ?" ಎಂದಳು ಅವಳು. ಉಸಿರು ಸಿಗುತ್ತಿರಲಿಲ್ಲ. 'ನೀವು' ಎನ್ನಲು ನೆನಪೂ ಇರಲಿಲ್ಲ.

ಅವನು ಮುಖ ತಿರುಗಿಸಿದ. ಈಗ ಯಾಕೆ ಆ ಮಾತು, ಕೇಳಲ್ಲ ಅಂತ ಆಗಲೇ ಆಗಿದೆಯಲ್ಲ ಎಂದ.

"ನಾನು ಕೇಳ್ತಿದೀನಿ. ಯಾವ ಕಟ್ಟೆ?"

"ನಿನ್ನ ಕಟ್ಟೆ," ಎಂದ ಅವನು ಕೊನೆಗೆ. "ದಕ್ಷಿಣದ್ದು. ನೀನು ಅಚ್ಚು ಬಿಟ್ಟು ಎಲ್ಲಿಗೂ ಬರೋಳಲ್ಲ. ಬದುಕಲ್ಲಿ ಒಂದು ದಿನ ಗಾಳಿ ಬಿಟ್ಟು ಕಾಗದ ನಂಬೋಣ, ಅವಳಿಗೆ ಸಮಾಧಾನ ಆಗ್ಲಿ ಅಂತ ಹೋದೆ. ಐದು ಗಂಟೆಗೇ ಹೋದೆ. ದೋಣಿಯವನು ಮೂರು ಸಲ ಕರೆದ. ನೀನಿಲ್ದೆ ಹತ್ತೋದು ಹೇಗೆ? ಬಿಟ್ಟುಬಿಟ್ಟೆ." ಅವನು ಮಡಿಸಿದ್ದ ಬಾವುಟವನ್ನು ಬಿಚ್ಚಿ ಮತ್ತೆ ಮಡಿಸಿದ. "ನಿನ್ನ ಕಟ್ಟೆಗೇ ನೀನು ಬರಲಿಲ್ಲ ಅಂದ್ಮೇಲೆ ಇನ್ನೇನು ಉಳೀತು?"

ಅವಳು ಮೆಟ್ಟಿಲ ಅಂಚಿನಲ್ಲೇ ಕೂತಳು.

"ನಾನು ನಿನ್ನ ಕಟ್ಟೆಗೆ ಹೋಗಿದ್ದೆ," ಎಂದಳು.

ಗಾಳಿಬಟ್ಟಲುಗಳು ತಿರುಗುತ್ತಲೇ ಇದ್ದವು.

"ಆರೂ ಮುಕ್ಕಾಲಿಗೆ ದೋಣಿ ಬಂತು. ನಮ್ಮ ಎರಡೂ ಸೀಟು ಖಾಲಿ ಇತ್ತು. ನಾನು ನೋಡಿದೆ... ಕಣ್ಣಾರೆ ನೋಡಿದೆ."

ಇಬ್ಬರ ಕಣ್ಣೆದುರೂ ಒಂದೇ ದೋಣಿ ಬಂದು ನಿಂತಿತು. ಅವನು ಒಬ್ಬನೇ ಆದರೂ ಸರಿ, ಅದನ್ನು ಹತ್ತಿದ್ದರೆ ಸಾಕಿತ್ತು. ಮುಕ್ಕಾಲು ಗಂಟೆ. ಗುಡ್ಡ ಸುತ್ತಿದ ಕೂಡಲೇ ಕಟ್ಟೆಯ ಮೇಲೆ, ಅಮ್ಮ ಹೆಣೆದ ಜಡೆಯಲ್ಲಿ, ಅವಳು ನಿಂತಿರುತ್ತಿದ್ದಳು.

ಒಬ್ಬರಿಗೋಸ್ಕರ ಒಬ್ಬರು ತಮ್ಮ ಹಟ ಬಿಟ್ಟಿದ್ದರು. ಒಬ್ಬರಾದರೂ ಹಟ ಹಿಡಿದಿದ್ದರೆ ಒಬ್ಬರಿಗೊಬ್ಬರು ಸಿಗುತ್ತಿದ್ದರು...

ಇಬ್ಬರೂ ಹಿಡಿದಿದ್ದರೂ ಅಷ್ಟೇ. ಅವಳು ದಕ್ಷಿಣದಲ್ಲಿ ಹತ್ತಿ ಉತ್ತರದಲ್ಲಿ ಅವನನ್ನು ಕಾಣುತ್ತಿದ್ದಳು. ದೇವರು ಇಟ್ಟಿದ್ದ ನಾಲ್ಕು ದಾರಿಯಲ್ಲಿ ಮೂರು ಕೂಡಿಕೊಳ್ಳುತ್ತಿದ್ದವು. ಪ್ರೀತಿ ಅವರನ್ನು ನಾಲ್ಕನೆಯದಕ್ಕೆ ಕಳಿಸಿತ್ತು.

"ಗಾಳಿ ಥರ ತಿರುಗಿಬಿಡ್ತೀಯ ಅಂದಿದ್ದೆ ನಾನು," ಎಂದಳು ಅವಳು. "ಆ ಮಾತು ಹೊತ್ಕೊಂಡೇ ನಿಂತಿದ್ಯಾ ಅಲ್ಲಿ?"

"ಮಾತು ಅಲ್ಲೇ ಬಿಟ್ಟು ಬಂದೆ. ಅಲೆ ತಗೊಂಡು ಹೋಗಿರುತ್ತೆ."

ಅವನು ಬಂದು ಅದೇ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ. ಅಂಗೈಯಿಂದ ಕಣ್ಣೊರೆಸಿಕೊಂಡ, ಚಿಕ್ಕವರ ಹಾಗೆ. ಆಮೇಲೆ ಅವನ ಮುಖದಲ್ಲಿ ಏನೋ ಹೊಳೆಯಿತು.

"ನಡಿ, ಅಮ್ಮನ ಹತ್ರ ಹೋಗೋಣ. ಮೊದಲು ಅವರಿಗೆ ಹೇಳ್ಬೇಕು. ನಾನು ಬಂದಿದ್ದೆ ಅಂತ ನನ್ನ ಬಾಯಲ್ಲೇ ಹೇಳ್ತೀನಿ. ಬೈಲಿ, ಹೊಡೀಲಿ..."

ಅವಳು ಅವನನ್ನೇ ನೋಡಿದಳು. ತಾನು ಹೇಳಿದ್ದ ಸುಳ್ಳು ಈಗ ತನ್ನ ಕೊರಳನ್ನೇ ಹಿಡಿದಿತ್ತು.

"ಅಮ್ಮ ಇಲ್ಲ," ಎಂದಳು.

ಅವನಿಗೆ ಕೇಳಿಸಿತು. ನಂಬದೆ ಅವಳ ಕಡೆ ಪೂರ್ತಿ ತಿರುಗಿದ.

"ಚೆನ್ನಾಗಿದ್ದಾರೆ ಅಂದೆಯಲ್ಲ?"

"ನಿನಗೆ ಹೇಳೋ ಮನಸ್ಸಾಗಲಿಲ್ಲ. ಹದಿನಾಲ್ಕು ತಿಂಗಳಾಯ್ತು." ಅವಳ ದನಿ ಒಡೆಯಿತು. "ಕೊನೇವರೆಗೂ ನಿನ್ನ ಕೇಳ್ತಿದ್ದಳು. ನೀನು ಅಂಥವನಲ್ಲ ಅಂತಿದ್ದಳು. ನಾನೇ... ನಾನೇ ಅವಳ ಬಾಯಿ ಮುಚ್ಚಿಸಿದೆ. ನಿನ್ನ ಹೆಸರೆತ್ತಬೇಡ ಅಂತ ರೇಗಿದೆ. ಅವಳು ಹೇಳಿದ್ದೇ ನಿಜ ಆಗಿತ್ತಲ್ಲ... ಈಗ ಯಾರಿಗೆ ಹೋಗಿ ಹೇಳ್ಲಿ?"

ಅವನು ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊ‍ಂಡು, ತಲೆ ಬಗ್ಗಿಸಿ ಅತ್ತ. ಮೂರು ವರ್ಷ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ನಲ್ಲಿಗಳ ಸದ್ದಿನಲ್ಲಿ ಅತ್ತದ್ದನ್ನು ಆ ದಿನ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಅತ್ತು ಮುಗಿಸಿದರು. ಮುಗಿಯಿತು ಎನ್ನುವುದೂ ಸುಳ್ಳು. ಕೆಲವು ಅಳು ಜೊತೆಗೇ ಬದುಕುತ್ತವೆ.

ಬಹಳ ಹೊತ್ತಿನ ಮೇಲೆ ಅವನು ಕೇಳಿದ.

"ಜಡೆ ಹೆಣೀತಾ ಏನೋ ಹೇಳ್ತಿದ್ದರಲ್ಲ ಅಮ್ಮ... ಆವತ್ತೂ ಹೇಳಿದ್ದರಾ?"

ಅವಳು ಹೇಳಿದಳು. ಹಾಯಿಯ ಮಾತು ಬಂತು. 'ಕಂಡ ಕೈಯ' ಎನ್ನುವಲ್ಲಿ ನಿಂತುಬಿಟ್ಟಿತು. ಉಳಿದದ್ದನ್ನು ಅವನ ಕೈ ತಿಳಿದುಕೊಂಡಿತು.

ಅವನು ಕಡಲ ಕಡೆ ನೋಡಿದ. ಇನ್ನು ಐದು ದಿನಕ್ಕೆ ಗಾಳಿ ತಿರುಗುತ್ತದೆ ಎಂದ. ತಂಗಿಯ ದೋಣಿ ಹೋದ ಮರುದಿನವೂ ಒಂದು ದೋಣಿಯಿದೆ. ಮೊದಲ ದ್ವೀಪದಲ್ಲಿ ಆ ನೋಂದಣಿ ಕಚೇರಿ ಇನ್ನೂ ಇದೆ.

"ಹಳೇ ಹಾಳೆ ಇಟ್ಟಿದೀಯಾ?"

"ಇದೆ. ಮರಳೋ ದೋಣಿ ಸಾಲು ಇನ್ನೂ ಖಾಲಿ ಇದೆ."

"ಯಾವ ಕಟ್ಟೆಯಲ್ಲಿ ಕಾಯ್ಲಿ, ಅಚ್ಚಮ್ಮಾ?"

ಮೂರು ವರ್ಷದ ಮೇಲೆ ಆ ಹೆಸರು. ಅವಳು ಮೂಗೊರೆಸಿಕೊಂಡಳು.

"ಯಾವ ಕಟ್ಟೆಯಲ್ಲೂ ಬೇಡ. ಕಾಯೋದೇ ಬೇಡ. ನಮ್ಮನೆ ಬಾಗಿಲಿಗೆ ಬಾ. ಅಮ್ಮ ನೋಡ್ತಿದ್ದ ಬಾಗಿಲು ಅದು. ಅಲ್ಲಿಂದ ಒಟ್ಟಿಗೆ ಹೋಗೋಣ."

ಅವನು ತಲೆಯಾಡಿಸಿದ. ಕೆಳಗೆ ಬಂದರಿನಲ್ಲಿ ಐದರ ಗಂಟೆ ಹೊಡೆಯಿತು. ಮೀನುದೋಣಿಗಳು ಸಾಲಾಗಿ ನಿಂತು ತಾರಸಿಯ ಕಡೆಗೇ ನೋಡುತ್ತಿದ್ದವು. ಹಗ್ಗ ಎಳೆಯಲು ಅವನಿಗೆ ಎರಡೂ ಕೈ ಬೇಕಿತ್ತು.

"ಸ್ವಲ್ಪ ಕೈ ಬಿಡು," ಎಂದ ಮೆಲ್ಲಗೆ. "ಐದರ ಬಾವುಟ ಏರಿಸ್ಬೇಕು. ಬಂದರೆಲ್ಲ ಕಾಯ್ತಿದೆ."

"ಬಿಡಲ್ಲ," ಎಂದಳು ಅವಳು.